ತಲೆಬಾಗಿಲಲ್ಲಿ ಮಲಗಿದ ಪಟ್ಟದ ಹೋರಿ

ಅಥವಾ ಹೋರಿ ಬಾಗಿಲಿಗೆ ಉದ್ದವಾಗಿಯೇ ಮಲಗಿತ್ತೇನೋ. ಅಡ್ಡವಾಗಿ ಮಲಗಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಹೋರಿಯ ಬೆನ್ನು ನನ್ನ ತಲೆಯೊಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಬೆಳೆದುಬಿಟ್ಟಿದೆ. ಆದರೆ ಮೊನ್ನೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನನ್ನ ಹೆಂಡತಿ ನಂಜಿ ತಲೆ ಕೂಡ ಎತ್ತದೆ, "ಅಡ್ಡ ಎಲ್ಲಿ ಮನಗಿತ್ತು? ಉದ್ದಕ್ಕಲ್ವಾ ಮನಗಿದ್ದು" ಎಂದಳು. ಅಡ್ಡವಾಗಿ ಮಲಗಿದ್ದರೆ ಆ ದಿನ ನಡೆದದ್ದೆಲ್ಲ ನಡೆಯಲೇಬೇಕಿತ್ತು. ಉದ್ದವಾಗಿ ಮಲಗಿದ್ದರೆ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಜಾಗ ಉಳಿಯುತ್ತಿತ್ತು. ಹಾಗಾದರೆ ಆ ದಿನದ ಗಲಾಟೆಗೂ ನನ್ನ ಉಪಾಯಗಳಿಗೂ ಹರಿದುಹೋದ ನನ್ನ ಕೋಟಿಗೂ ಅರ್ಥವೇ ಇಲ್ಲ. ಒಂದು ಹೋರಿ ಯಾವ ದಿಕ್ಕಿಗೆ ತಲೆ ಹಾಕಿತ್ತು ಎಂಬುದರ ಮೇಲೆ ಒಬ್ಬ ಮನುಷ್ಯನ ಮಾನ ನಿಂತಿರುವುದು ನ್ಯಾಯವಲ್ಲ. ಆದರೆ ನಿಂತಿದೆ.

ಬುದ್ಧಿವಂತ ಎಂಬ ಹೆಸರು ಒಮ್ಮೆ ಬಂದ ಮೇಲೆ ಸುಮ್ಮನೆ ಕೂರುವುದು ಬಹಳ ಕಷ್ಟದ ಕೆಲಸ. ಬಾವಿಗೆ ಬಿಂದಿಗೆ ಬಿದ್ದರೂ ಜನ ನಿಮ್ಮ ಮುಖ ನೋಡುತ್ತಾರೆ. ಅವರು ನೋಡದಿದ್ದರೂ ನೋಡಿದರೆಂದು ನಿಮಗೆ ಅನ್ನಿಸುತ್ತದೆ. ನನಗೆ ಆ ಹೆಸರು ಬಂದದ್ದು ದಿಂಡುಗಲ್ಲಿನಲ್ಲಿ ಸ್ವಲ್ಪ ಕಾಲ ಓದಿ, ಒಂದು ಕೋಟನ್ನೂ ಒಂದು ಬೀಗವನ್ನೂ ಹಿಡಿದು ನಮ್ಮೂರು ಕಂಬಂಗೆ ಹಿಂತಿರುಗಿದಾಗ. ಆ ಬೀಗಕ್ಕೆ ಎರಡು ಬೀಗದಕೈ. ಮೊದಲನೆಯದನ್ನು ತಿರುಗಿಸಿ ಅರ್ಧಕ್ಕೆ ನಿಲ್ಲಿಸಿ ಎರಡನೆಯದನ್ನು ತೂರಿಸಬೇಕು. ಇಲ್ಲದಿದ್ದರೆ ಮೊದಲನೆಯದು ಒಳಗೇ ಸಿಕ್ಕಿಕೊಳ್ಳುತ್ತದೆ. ಕಳ್ಳನಿಗೆ ಇದು ಗೊತ್ತಿರುವುದಿಲ್ಲ ಎಂದು ನಾನು ಅಪ್ಪನಿಗೆ ವಿವರಿಸಿ, ರಾಗಿಯ ಕೋಣೆಗೆ ಅದನ್ನು ಹಾಕಿ ತೋರಿಸಿದೆ. ಆಮೇಲೆ ಬಡಗಿಯನ್ನು ಕರೆಸಿ ಕೋಣೆಯ ಬಾಗಿಲನ್ನೇ ಕೀಳಿಸಬೇಕಾಯಿತು. ಅಪ್ಪ ಬೈಯಲಿಲ್ಲ. "ಕಳ್ಳ ಬಂದಿದ್ರೆ ಬಡಗಿ ಕೂಲಿ ಉಳೀತಿತ್ತು" ಎಂದಷ್ಟೇ ಹೇಳಿದ.

ಆಗ ಸರ್ಕಾರದವರು ಮಲೆಯ ಮೇಲೆ ಅಣೆ ಕಟ್ಟುತ್ತಿದ್ದರು. ಆಚೆ ಮಲಯಾಳದ ಕಡೆ ಹರಿದು ಸಮುದ್ರ ಸೇರುವ ನದಿಯನ್ನು, ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸುವ ಕೆಲಸ. ನಾನು ಅಲ್ಲಿ ಕೂಲಿಯವರ ಹಾಜರಿ ನೋಡುವ ಗುಮಾಸ್ತನಾಗಿ ಹೋಗಿ, ಚಳಿಜ್ವರ ಹಿಡಿಸಿಕೊಂಡು, ಕೋಟಿನ ಸಮೇತ ಇಳಿದು ಬಂದಿದ್ದೆ. ಜ್ವರ ಬಿಟ್ಟರೂ ಅಲ್ಲಿನ ದೊಡ್ಡಸ್ತಿಕೆ ಬಿಟ್ಟಿರಲಿಲ್ಲ. ನದಿಯನ್ನೇ ತಿರುಗಿಸುವವರ ಜೊತೆ ಇದ್ದು ಬಂದವನು ನಾನು; ಒಂದು ಹೋರಿಯನ್ನು ತಿರುಗಿಸಲಾರೆನೆ ಎಂದು ಆ ಮಧ್ಯಾಹ್ನ ನನಗೆ ಅನ್ನಿಸಿದ್ದರೆ ತಪ್ಪೇನು?

ಹೋರಿ ಎಂದರೆ ಬೀದಿಯ ಹೋರಿ ಅಲ್ಲ. ನಮ್ಮ ಜನ ಕನ್ನಡದ ಸೀಮೆ ಬಿಟ್ಟು ತಮಿಳರ ಈ ಕಡೆ ಬಂದಾಗ ಒಂದು ಆವಿನ ಹಿಂಡಿನ ಹಿಂದೆಯೇ ನಡೆದು ಬಂದರಂತೆ. ಯಾವಾಗ ಎಂದು ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಹಿಂಡಿನ ಸಂತತಿ ಕಂಬಂನಲ್ಲಿ ಇನ್ನೂ ಇದೆ. ದೇವರ ಆವು ಎನ್ನುತ್ತೇವೆ. ಅವುಗಳ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ, ಮೈಮೇಲೆ ಕೋಲು ಎತ್ತುವುದಿಲ್ಲ. ಹಿಂಡಿಗೆ ಒಂದು ಪಟ್ಟದ ಹೋರಿ. ಅದು ಸತ್ತಾಗ ಹಿಂಡಿನ ಮುಂದೆ ಕಬ್ಬಿನ ಕಂತೆ ಇಟ್ಟು ಇಡೀ ಜನ ಕೈಮುಗಿದು ಕಾಯುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೆಯೋ ಅದಕ್ಕೆ ಅರಿಸಿನ ಬಳಿದು ಪಟ್ಟ ಕಟ್ಟುತ್ತಾರೆ. ಇದನ್ನು ನಾನು ಈಗ ನಿಮಗೆ ಹೇಳಿದೆ. ಆ ದಿನ ನನಗೆ ನಾನೇ ಹೇಳಿಕೊಳ್ಳುವುದನ್ನು ಮರೆತಿದ್ದೆ.

ಇನ್ನು ಅಕ್ಕನ ವಿಷಯ. ನನ್ನ ಅಕ್ಕ ಬೊಮ್ಮಕ್ಕನನ್ನು ಪಕ್ಕದ ಊರು ಕೊಂಬೈಗೆ ಕೊಟ್ಟಿತ್ತು, ಅಪ್ಪನ ಅಕ್ಕನ ಮಗನಿಗೆ. ಹಾಗಾಗಿ ಅವಳ ಅತ್ತೆ ನಮಗೆಲ್ಲ ಹುಟ್ಟಿದಂದಿನಿಂದಲೂ ಅತ್ತೆಯೇ. ಅತ್ತೆಯ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇತ್ತು: ಸೊಸೆ ಏನನ್ನು ಬೇಕಾದರೂ ಬೇಯಿಸಬಹುದು, ಉಪ್ಪು ಹಾಕುವವರು ಮಾತ್ರ ಅತ್ತೆ. ಅಕ್ಕನಿಗೆ ಮಗಳು ಹುಟ್ಟಿ, ಆ ಮಗಳು ನಡೆಯಲು ಕಲಿತು, ಮಾತು ಕಲಿತರೂ ಉಪ್ಪಿನ ಗಡಿಗೆ ಅತ್ತೆಯ ಕೈ ಬಿಡಲಿಲ್ಲ. ಒಂದು ದಿನ ಅಕ್ಕ ತಾನೇ ಸಾರಿಗೆ ಉಪ್ಪು ಹಾಕಿದಳು. ಅತ್ತೆಯೂ ಹಾಕಿದರು. ಹೊಲದಿಂದ ಬಂದ ಗಂಡಸರು ಮೊದಲ ತುತ್ತಿಗೇ ತಟ್ಟೆ ಸರಿಸಿ ಎದ್ದರು. ಅತ್ತೆ ಏನೋ ಅಂದರು. ಏನು ಎಂದು ಅಕ್ಕ ಯಾರಿಗೂ ಹೇಳಲಿಲ್ಲ. ಕೈ ತೊಳೆದುಕೊಂಡು ಹೊರಟು ತವರಿಗೆ ಬಂದಳು. ಮಗು ಮಲಗಿತ್ತು, ಅದರ ಪಕ್ಕದಲ್ಲಿ ಅತ್ತೆ ಕುಳಿತಿದ್ದರು. ಬಿಟ್ಟು ಬಂದಳು.

ಸೊಸೆ ಹಿತ್ತಿಲ ಬಾಗಿಲಿಂದ ಓಡಿಹೋದಳು ಎಂದು ಅತ್ತೆ ಹಿರಿಯರಿಗೆ ದೂರು ಕೊಟ್ಟರು. ನಮ್ಮಲ್ಲಿ ಇದು ಸಣ್ಣ ಮಾತಲ್ಲ. ತಲೆಬಾಗಿಲಿಂದ ಹೊರಟವಳು ಮುನಿಸಿಕೊಂಡು ಬಂದವಳು. ಅವಳನ್ನು ಕರೆದುಕೊಂಡು ಹೋಗಬೇಕು. ಹಿತ್ತಿಲಿಂದ ಹೊರಟವಳು ಸಂಬಂಧ ಬಿಟ್ಟವಳು. ಅಂಥವಳ ಮಗು ಗಂಡನ ಮನೆಗೆ ಸೇರಿದ್ದು. ಅಕ್ಕ ತಾನು ತಲೆಬಾಗಿಲಿಂದಲೇ ಬಂದೆ ಎಂದಳು. ನೋಡಿದವರು ಯಾರೂ ಇಲ್ಲ. ಹಿರಿಯರು ಕಂಬಂನಲ್ಲೇ, ದೇವರ ಆವಿನ ಗುಡಿಯ ಮುಂದೆ ಕೂಟ ಕರೆದರು. ಗುಡಿಯಲ್ಲಿ ದೀಪ ಹಚ್ಚುವುದರೊಳಗೆ ಅಕ್ಕ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಅತ್ತೆಯ ಮಾತೇ ನಿಜ, ಮಗು ಕೊಂಬೈಯಲ್ಲೇ ಉಳಿಯುತ್ತದೆ. ಅಂಥ ಆರೋಪ ಹೊತ್ತವಳು ಕೂಟಕ್ಕೆ ಹೇಗೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀದಿಯ ಜನವೆಲ್ಲ ನೋಡುವಂತೆ ತಲೆಬಾಗಿಲಿಂದ ಹೋಗಬೇಕು. ನಾನಂತೂ ಹಿತ್ತಿಲ ಬಾಗಿಲಿಗೆ ನನ್ನ ದಿಂಡುಗಲ್ ಬೀಗ ಜಡಿದಿದ್ದೆ, ಯಾರೂ ಒಂದು ಮಾತು ಆಡದಿರಲಿ ಎಂದು. ಜನ ಆಡಿದ ಮೊದಲ ಮಾತೇ, "ಹಿತ್ಲಿಗೆ ಬೀಗ ಯಾಕಾಕವ್ರೆ? ಏನೋ ಐತೆ."

ಕೂಟದ ದಿನ ಊಟ ಮುಗಿಸಿ ಎದ್ದು ನೋಡಿದರೆ, ನಮ್ಮ ಅಂಗಳದ ತಲೆಬಾಗಿಲಲ್ಲಿ ಪಟ್ಟದ ಹೋರಿ ಮಲಗಿದೆ.

ಅಂಗಳದ ಸುತ್ತ ಆಳೆತ್ತರದ ಮಣ್ಣಿನ ಗೋಡೆ, ಬೀದಿಗೆ ಇದೊಂದೇ ಬಾಗಿಲು. ಹಿಂಡು ಬೆಟ್ಟದ ಬುಡಕ್ಕೆ ಮೇಯಲು ಹೋಗಿತ್ತು, ಕಾಯುವವನೂ ಅದರ ಜೊತೆ ಹೋಗಿದ್ದ. ಇದೊಂದು ಮಾತ್ರ ನಮ್ಮ ಬಾಗಿಲಲ್ಲಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅದರ ಮೈಮೇಲೆ ಕೈ ಮಾಡುವಂತಿಲ್ಲ, ಗದರುವಂತಿಲ್ಲ, ದಾಟುವಂತಿಲ್ಲ. ಪಕ್ಕದಲ್ಲಿ ಹೋಗಬಹುದಿತ್ತೆ? ಅದೇ ಈಗಿನ ಪ್ರಶ್ನೆ. ಆಗ ನನ್ನ ಕಣ್ಣಿಗೆ ಕಂಡದ್ದು ಅದರ ಕೊಂಬುಗಳು. ಬತ್ತಲಗುಂಡಿನಿಂದ ಬಂದಿದ್ದ ಒಬ್ಬ ವ್ಯಾಪಾರಿಯನ್ನು ಹಿಂದಿನ ವರ್ಷ ಆ ಕೊಂಬುಗಳು ಸಂತೆಯ ನಡುವೆ ಎತ್ತಿ, ಅವನದೇ ಹುಣಿಸೆಹಣ್ಣಿನ ರಾಶಿಯ ಮೇಲೆ ಕೂರಿಸಿದ್ದವು.

ಅಪ್ಪ ಜಗಲಿಯ ಮೇಲೆ ಕುಳಿತು, "ಕಾಯಾನ" ಎಂದ.

"ಎಲ್ಲಿವರ್ಗೂ?" ಎಂದೆ.

"ಏಳಾವರ್ಗೂ."

"ಅದು ಏಳದೇ ಇದ್ರೆ?"

"ಏಳ್ದೇ ಇರೋ ಹೋರಿ ನಾನು ನೋಡಿಲ್ಲ" ಎಂದು ಅಪ್ಪ ಎಲೆಗೆ ಸುಣ್ಣ ಹಚ್ಚಿದ.

ನನಗೆ ಮೈಯೆಲ್ಲ ಉರಿಯಿತು. ಬಿಸಿಲು ಆಗಲೇ ಗೋಡೆಯ ನೆತ್ತಿಯಿಂದ ಕೆಳಕ್ಕೆ ಇಳಿಯುತ್ತಿತ್ತು. ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟು, ಅಂಗಳದ ನಡುವೆ ನಿಂತಿದ್ದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅದನ್ನು ನೋಡಲಾಗದೆ ನಾನು ಉಪಾಯ ಹೂಡಿದೆ. ಅಣೆಯ ಕೆಲಸದಲ್ಲಿ ದೊಡ್ಡ ಬಂಡೆಗಳ ಅಡಿಗೆ ಮರದ ತೊಲೆ ತೂರಿಸಿ ಮೆಲ್ಲಗೆ ಮಗುಚುವುದನ್ನು ನೋಡಿದ್ದೆ. ಅದರಲ್ಲಿ ಹೊಡೆತವಿಲ್ಲ, ನೋವಿಲ್ಲ. ಹಲಗೆಯೊಂದನ್ನು ತಂದು ಅಪ್ಪನಿಗೆ ವಿವರಿಸಲು ಶುರುಮಾಡಿದೆ. ಅಪ್ಪ ಹಲಗೆಯನ್ನು ನೋಡಿದ, ಹೋರಿಯನ್ನು ನೋಡಿದ, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದ. ನಾನು ಹಲಗೆಯನ್ನು ತೆಗೆದ ಜಾಗದಲ್ಲೇ ಇಟ್ಟು ಬಂದೆ.

ಎರಡನೆಯದು ಒಳ್ಳೆಯ ಉಪಾಯ. ಎಬ್ಬಿಸಬಾರದು, ಆದರೆ ಏಳುವ ಆಸೆ ಹುಟ್ಟಿಸಬಹುದು. ಏಣಿ ಹಾಕಿ ಗೋಡೆ ಹತ್ತಿ, ಬೀದಿಗೆ ಧುಮುಕಿದೆ. ಧುಮುಕುವಾಗ ಕೋಟಿನ ಹಿಂಭಾಗ ಗೋಡೆಯ ಮೇಲಿನ ಮುಳ್ಳಿಗೆ ಸಿಕ್ಕಿ ಅಲ್ಲೇ ಉಳಿಯಿತು. ಹೊಳೆಯ ಕಡೆಯ ತೋಟಕ್ಕೆ ಓಡಿಹೋಗಿ ಕಬ್ಬಿನ ಒಂದು ಕಂತೆ ಹೊತ್ತು ತಂದೆ. ಅದನ್ನು ಬೀದಿಯಲ್ಲಿ, ಹೋರಿಯ ಮೂಗಿಗೆ ವಾಸನೆ ಬಡಿಯುವಷ್ಟು ದೂರದಲ್ಲಿ ಇಟ್ಟು, ನಾನು ಮಾಡಿದ್ದನ್ನು ನಾನೇ ಮೆಚ್ಚಿಕೊಂಡು ಗೋಡೆಯ ಮೇಲೆ ಹತ್ತಿ ಕುಳಿತೆ.

ಹೋರಿ ಒಂದು ಕಣ್ಣು ತೆರೆಯಿತು. ಬೀದಿ ಎರಡೂ ಕಣ್ಣು ತೆರೆಯಿತು.

ಎದುರುಮನೆಯ ಮುದುಕಿ ಕಬ್ಬನ್ನು ಕಂಡು ಎದೆಗೆ ಕೈ ಹಚ್ಚಿದಳು. ವೀಳ್ಯದೆಲೆ ಮಾರುವ ತಮಿಳರವನು ಬುಟ್ಟಿ ಇಳಿಸಿ, "ಎನ್ನ ಆಚ್ಚು, ರಾಜಾ ಪೋಯಿಟ್ಟಾರಾ?" ಎಂದು ಕೇಳಿದ. ಏನಾಯಿತು, ರಾಜ ಹೋಗಿಬಿಟ್ಟನೆ ಎಂದು. ಆಗ ನನಗೆ ನೆನಪಾಯಿತು, ದೇವರ ಆವಿನ ಮುಂದೆ ಕಬ್ಬಿನ ಕಂತೆ ಇಡುವುದು ಯಾವಾಗ ಎಂದು. ಗೋಡೆಯಿಂದ ಇಳಿದು ಅದನ್ನು ತೆಗೆಯೋಣವೆಂದರೆ ಇಟ್ಟ ಕಬ್ಬನ್ನು ಮುಟ್ಟುವುದು ಇನ್ನೂ ದೊಡ್ಡ ತಪ್ಪು. ಮಾತು ಬೀದಿಯ ಆ ತುದಿಗೆ ಮುಟ್ಟುವಷ್ಟರಲ್ಲಿ, ಪಟ್ಟದ ಹೋರಿ ಸತ್ತಿದೆ ಎಂದು ಕೆಲವರು, ಹೋರಿ ಬದುಕಿರುವಾಗಲೇ ಗುಮಾಸ್ತ ಅದಕ್ಕೆ ತಿಥಿ ಮಾಡುತ್ತಿದ್ದಾನೆ ಎಂದು ಕೆಲವರು ಹೇಳತೊಡಗಿದರು. ಗುಡಿಯ ಮುಂದೆ ಸೇರಿದ್ದ ಕೂಟಕ್ಕೆ ಸುದ್ದಿ ಹೋಯಿತು. ಕೂಟವೇ ಎದ್ದು ಬಂತು.

ಕೂಟವನ್ನು ನಮ್ಮ ಬಾಗಿಲಿಗೆ ತಂದದ್ದು ನನ್ನ ಕಬ್ಬೇ ಎಂದು ನಾನು ಹೇಳುತ್ತೇನೆ. ಇಲ್ಲ, ಅಕ್ಕ ನಂಜಿಯ ಕೈಲಿ ಗೌಡರಿಗೆ ಹೇಳಿಕಳಿಸಿದ್ದಳು ಎಂದು ನಂಜಿ ಹೇಳುತ್ತಾಳೆ. ನಂಜಿ ಆಗ ನಮ್ಮ ಮನೆಗೆ ಹೊಸ ಸೊಸೆ. ಅವಳನ್ನು ಯಾರೂ ಗಮನಿಸುತ್ತಿರಲಿಲ್ಲ, ನಾನೂ ಸೇರಿ.

ಮುಂದೆ ಊರ ಗೌಡರು, ಹಿಂದೆ ಹಿರಿಯರು, ಅವರ ಹಿಂದೆ ಕೊಂಬೈಯವರು. ಅತ್ತೆಯ ಸೊಂಟದ ಮೇಲೆ ಅಕ್ಕನ ಮಗು. ಭಾವ ಎಲ್ಲರಿಗಿಂತ ಹಿಂದೆ, ತನ್ನ ಕಾಲನ್ನೇ ನೋಡಿಕೊಂಡು. ಆತ ಮಾತು ಕಡಿಮೆಯ ಮನುಷ್ಯ. ಆ ಮನೆಯಲ್ಲಿ ಮಾತು ಉಳಿಯುತ್ತಲೂ ಇರಲಿಲ್ಲ.

"ಯಾರ್ಲಾ ಕಬ್ಬಿಟ್ಟವ್ನು?" ಎಂದರು ಗೌಡರು.

ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ಕೋಟು ತೊಟ್ಟು ಗೋಡೆಯ ಮೇಲೆ ಕೂತಿದ್ದವನು ನಾನೊಬ್ಬನೇ.

"ನಿನ್ನ ತಾವ್ಕೆ ಆಮೇಲೆ ಬತ್ತೀನಿ" ಎಂದು ಅವರು ಅಂಗಳದ ಕಡೆ ತಿರುಗಿದರು. "ಬೊಮ್ಮಕ್ಕ, ಕೂಟಕ್ಕೆ ಯಾಕವ್ವ ಬರ್ಲಿಲ್ಲ?"

ಅಕ್ಕ ಹೋರಿಯ ಹತ್ತಿರಕ್ಕೆ ಬಂದು ನಿಂತಳು. "ಬರಾಕೇ ನಿಂತಿದೀನಿ ಗೌಡ್ರೆ. ದೇವ್ರು ಬಾಗ್ಲಲ್ಲಿ ಮನಗೈತೆ. ದಾಟು ಅಂತ ನೀವು ಹೇಳಿ, ದಾಟ್ತೀನಿ."

ದಾಟು ಎನ್ನುವ ಬಾಯಿ ನಮ್ಮ ಜನರಲ್ಲಿ ಇನ್ನೂ ಹುಟ್ಟಿಲ್ಲ.

"ಹಿತ್ಲು ಬಾಗ್ಲು ಇಲ್ವಾ?" ಎಂದರು ಅತ್ತೆ. "ಅವ್ಳಿಗೆ ರೂಡಿ ಐತೆ."

"ಅದುಕ್ಕೆ ಬೀಗ ಐತೆ ಅತ್ತೆ" ಎಂದಳು ಅಕ್ಕ. "ನಿಮ್ಮನೇಲಿ ಉಪ್ಪಿಗಿದ್ದಂಗೆ."

ಬೀದಿ ನಕ್ಕಿತು. ಅತ್ತೆಯ ತುಟಿಯೂ ಒಂದು ಕಡೆಗೆ ಓಡಿ ಹಿಂದಕ್ಕೆ ಬಂತೆಂದು ನನಗೆ ನೆನಪು. ಆದರೆ ಆಮೇಲೆ ಅವರನ್ನು ನಾನು ಇಷ್ಟಪಡತೊಡಗಿದೆ. ಆ ನಗೆಯನ್ನು ಅವರ ಮುಖದ ಮೇಲೆ ನಾನೇ ಆಮೇಲೆ ಇಟ್ಟಿರಬಹುದು.

ನಗು ನಿಂತಿತು. ಗುಡಿಯ ಕಡೆ ನೆರಳು ಉದ್ದವಾಗಿತ್ತು. ಪೂಜಾರಿ ಎಣ್ಣೆಯ ಗಿಂಡಿ ಹಿಡಿದು ಹೋಗುತ್ತಿದ್ದುದು ಗೋಡೆಯ ಮೇಲಿನಿಂದ ನನಗೆ ಕಾಣುತ್ತಿತ್ತು. ಅವನು ದೀಪ ಹಚ್ಚಿದರೆ ಮುಗಿಯಿತು. ಹಿರಿಯನೊಬ್ಬ, "ದೇವ್ರು ಮನಗಿರಲಿ, ಏಳಲಿ, ಒತ್ತು ಒತ್ತೇ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ" ಎಂದು ಗೊಣಗಿದ. ಅತ್ತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳಲು ಹೋದರು. ಆ ಬದಲಿಸುವ ನಡುವೆ ಮಗು ಜಾರಿ ಕೆಳಕ್ಕೆ ಇಳಿಯಿತು.

ಇಳಿದು ನಮ್ಮ ಬಾಗಿಲ ಕಡೆ ನಡೆಯತೊಡಗಿತು.

ಯಾರೂ ಕೂಗಲಿಲ್ಲ. ಕೂಗಿದರೆ ಹೋರಿ ಬೆದರಿ ಏಳುತ್ತದೆ, ಎದ್ದರೆ ಮಗು ಅದರ ಕಾಲಡಿಗೆ. ಹಿಡಿಯಲು ಓಡಿದರೂ ಅಷ್ಟೇ. ಅತ್ತೆ ಚಾಚಿದ ಕೈ ಚಾಚಿದ ಹಾಗೆಯೇ ನಿಂತಿತು. ಭಾವ ಮೊದಲ ಸಲ ತಲೆ ಎತ್ತಿದ. ಮಗು ಕಬ್ಬಿನ ಕಂತೆಯ ಹತ್ತಿರ ನಿಂತು ಅದನ್ನು ನೋಡಿತು, ಬಿಟ್ಟು ಮುಂದೆ ಬಂತು. ಹೋರಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಅದರ ಕಿವಿ ಮುಂದಕ್ಕೆ ಬಂತು. ನಾನು ಗೋಡೆಯಿಂದ ಅಂಗಳದೊಳಕ್ಕೆ ಧುಮುಕಿ ಮಗುವನ್ನು ಎಳೆದುಕೊಳ್ಳುವುದೆಂದು ಕಾಲು ಇಳಿಬಿಟ್ಟೆ. ಕೆಳಗಿನಿಂದ ಅಪ್ಪ ನನ್ನ ಮೀನಖಂಡವನ್ನು ಹಿಡಿದ. "ಕೊಂಜ ಸುಮ್ಕಿರು" ಎಂದ, ಉಸಿರಿನಲ್ಲಿ. ಅವನು ಹಿಡಿದದ್ದರಿಂದ ನಾನು ನಿಂತೆನೋ, ನಾನು ಹೆದರಿ ನಿಂತ ಮೇಲೆ ಅವನು ಹಿಡಿದನೋ, ಪ್ರಮಾಣ ಮಾಡಿ ಹೇಳಲಾರೆ. ಅವನ ಕೈ ಬೆವರಿತ್ತು. ಕಾಯೋಣ ಎಂದು ಮಧ್ಯಾಹ್ನದಿಂದ ಎಲೆ ಜಗಿಯುತ್ತಿದ್ದವನ ಕೈ ಅಷ್ಟು ಬೆವರಿರುವುದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ಅಕ್ಕ ಮಾತ್ರ ಸೆರಗು ಸುತ್ತುವುದನ್ನು ಬಿಟ್ಟು, ಮೆಲ್ಲಗೆ, ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತಳು. ಕೈ ಚಾಚಲಿಲ್ಲ, ಕರೆಯಲಿಲ್ಲ. ಮಗುವಿನ ಕಣ್ಣಿಗೆ ಸರಿಯಾಗಿ ತನ್ನ ಕಣ್ಣು ಬರುವಂತೆ ಕುಳಿತಳು, ಅಷ್ಟೇ.

ಮಗು ಹೋರಿಯ ಹಣೆಯ ಮೇಲೆ ಅಂಗೈ ಇಟ್ಟಿತು. "ಆವು" ಎಂದಿತು. ಹೋರಿ ಒಂದು ದೊಡ್ಡ ಉಸಿರು ಬಿಟ್ಟಿತು. ಮಗುವಿನ ಕೂದಲು ಹಾರಿತು. ಆಮೇಲೆ ಮಗು ಕೊಂಬಿನ ಪಕ್ಕದಲ್ಲಿ, ಹೊಟ್ಟೆಯ ಪಕ್ಕದಲ್ಲಿ, ಒಂದು ಕೈಯಿಂದ ಹೋರಿಯ ಮೈಯನ್ನೇ ಹಿಡಿದುಕೊಂಡು ಒಳಕ್ಕೆ ಬಂದು ಅಕ್ಕನ ಮುಂದೆ ನಿಂತಿತು. "ಅವ್ವ, ಉಣ್ಣಾಕಿಕ್ಕು" ಎಂದಿತು.

ಆಮೇಲೆ ಅಕ್ಕ ಅತ್ತಳು. ಬೀದಿಯ ಹೆಂಗಸರೆಲ್ಲ ಅತ್ತರು. ಅತ್ತೆ ಕಬ್ಬಿನ ಕಂತೆಯ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕುಳಿತರು.

ಗೌಡರು ಮೀಸೆ ತಡವಿ ಹೇಳಿದರು: "ದೇವ್ರು ಕೊಂಬು ಆಡಿಸ್ಲಿಲ್ಲ. ಮಗು ತಲೆಬಾಗ್ಲಾಗೇ ಅವ್ವನ ತಾವ್ಕೆ ಓಗೈತೆ. ಇನ್ನು ಬೊಮ್ಮಕ್ಕ ಯಾವ ಬಾಗ್ಲಾಗೆ ಬಂದ್ಳು ಅಂತ ನಾನ್ಯಾಕೆ ಕೇಳ್ಲಿ? ಬೇಕಾದೋರು ಬಂದು ಕರಕಂಡೋಗ್ಲಿ."

ಎಲ್ಲರೂ ಅತ್ತೆಯನ್ನು ನೋಡಿದರು. ಮಾತಾಡಿದ್ದು ಭಾವ. "ಒಲೆ ಎರಡಾಕ್ತೀನಿ" ಎಂದ.

"ಉಪ್ಪು?" ಎಂದರು ಅತ್ತೆ, ಕುಳಿತಲ್ಲಿಂದಲೇ.

"ಉಪ್ಪೂ ಎರಡು."

ನನಗೆ ವಿಧಿಸಿದ್ದು ದೇವರ ಆವಿನ ದೊಡ್ಡಿಯ ಸಗಣಿ ಬಾಚುವ ಕೆಲಸ, ಗೌಡರು ಸಾಕು ಎನ್ನುವವರೆಗೆ. ಅವರ ಸಾಕು ಬಹಳ ದಿನ ಬರಲಿಲ್ಲ. ಹೋರಿ ಯಾವಾಗ ಎದ್ದು ಹೋಯಿತೆಂದು ಯಾರೂ ನೋಡಲಿಲ್ಲ. ಎಲ್ಲರೂ ಅಳುವುದರಲ್ಲಿದ್ದಾಗ ಎದ್ದಿರಬೇಕು. ಕಬ್ಬಿನ ಕಂತೆಯಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಹಾಗಾಗಿ ಕಟ್ಟಳೆಯ ಪ್ರಕಾರ, ತನ್ನ ನಂತರದ ಪಟ್ಟಕ್ಕೂ ಅದೇ ಆಯ್ಕೆಯಾದಂತಾಯಿತು. ಇದನ್ನು ನಾನು ದೊಡ್ಡಿಯಲ್ಲಿ ಒಬ್ಬ ಹಿರಿಯರಿಗೆ ಹೇಳಿದೆ. ನನ್ನ ಸಗಣಿ ಬಾಚುವ ಅವಧಿ ಇನ್ನಷ್ಟು ಬೆಳೆಯಿತು.

ಇಷ್ಟನ್ನು ನಾನು ನೆಮ್ಮದಿಯಿಂದ ನೆನೆಯುತ್ತಿದ್ದೆ, ಮೊನ್ನೆ ನಂಜಿ ಆ ಮಾತು ಆಡುವವರೆಗೆ. ನಾನು ಜಗಳಕ್ಕೆ ಹೋದೆ. ಮಗು ಚಿಕ್ಕದು, ಎಷ್ಟು ಸಣ್ಣ ಸಂದಿಯಲ್ಲಾದರೂ ಬಂದೀತು ಎಂದೆ. ನಂಜಿ ಅವರೆಕಾಯಿಯ ಸಿಪ್ಪೆಯನ್ನು ಮಡಿಲಿಂದ ಕೊಡವಿ, "ಅವತ್ತು ಓರಿ ಮನಗಿದ್ದಾಗ ಬಾವಿಯಿಂದ ನೀರು ಯಾರು ತಂದ್ರು? ತುಂಬಿದ ಕೊಡ ಒತ್ಕಂಡು ನಾನೇನು ಗೋಡೆ ಹಾರಿ ಬಂದ್ನಾ?" ಎಂದಳು.

"ಅದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಗೋಡೆ ಮೇಲಿದ್ರಿ. ಬುದ್ದಿವಂತ್ರು ಏನೋ ಮಾಡ್ತಾವ್ರೆ ಅಂದ್ಕಂಡೆ."

ಜೊತೆಗೆ ಇನ್ನೊಂದು ಸೇರಿಸಿದಳು. ಅಕ್ಕ ತವರಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ, ಹಿಂಡು ನಮ್ಮ ಬೀದಿಯಲ್ಲಿ ಹಾದುಹೋಗುವ ಹೊತ್ತಿಗೆ, ತಲೆಬಾಗಿಲ ಕಲ್ಲಿನ ಮೇಲೆ ಒಂದು ಹಿಡಿ ಉಪ್ಪು ಇಡುತ್ತಿದ್ದಳಂತೆ, ಪಟ್ಟದ ಹೋರಿ ನಿಂತು ನೆಕ್ಕುತ್ತಿತ್ತಂತೆ. ಉಪ್ಪಿನಿಂದ ಹೊರಬಿದ್ದವಳು ಉಪ್ಪಿನಿಂದಲೇ ಒಳಗೆ ಬಂದಳು ಎಂದು ಹೇಳಿಬಿಟ್ಟರೆ ಬಹಳ ಚೆನ್ನಾಗಿರುತ್ತದೆ. ಇಷ್ಟು ಚೆನ್ನಾಗಿ ಹೊಂದುವುದರಿಂದಲೇ ನನಗೆ ಅನುಮಾನ. ನಂಜಿಯ ನೆನಪೂ ನನ್ನದರ ಹಾಗೆ ಮನೆಯಲ್ಲೇ ಬೆಳೆದದ್ದು.

ಆಮೇಲೆ ಕೊಂಬೈಗೆ ಹೋದಾಗ ಆ ಪ್ರಶ್ನೆಯನ್ನು ಅಕ್ಕನಿಗೇ ಹಾಕಿದೆ. ಹೋರಿ ಅಡ್ಡವಾಗಿತ್ತೋ ಉದ್ದವಾಗಿತ್ತೋ ಎಂದು. ಅವಳು ತನ್ನ ಒಲೆಯ ಮುಂದೆ ಕುಳಿತು ಸಾರಿಗೆ ಉಪ್ಪು ಹಾಕುತ್ತಿದ್ದಳು. ಚಿಟಿಕೆ ತೆಗೆದು, ಸ್ವಲ್ಪ ಹಿಂದಕ್ಕೆ ಬಿಟ್ಟು, ಉಳಿದದ್ದನ್ನು ಹಾಕಿದಳು. "ಓರಿನ ಕೇಳಬೇಕಿತ್ತು ತಂಬಿ" ಎಂದಳು. ಹೋರಿ ಸತ್ತು ಎಷ್ಟೋ ಕಾಲವಾಗಿದೆ. ಸಾರು ರುಚಿಯಾಗಿತ್ತು, ಎರಡನೆಯ ಸಲ ಬಡಿಸಿಕೊಂಡೆ.

ನಾನು ಗೋಡೆ ಹತ್ತಿದ್ದು ನಿಜ. ಅರ್ಧ ಕೋಟು ಇನ್ನೂ ಪೆಟ್ಟಿಗೆಯಲ್ಲಿದೆ. ಆದರೆ ಹೋರಿ ಯಾವ ದಿಕ್ಕಿಗೆ ಮಲಗಿತ್ತೆಂದು ನನಗೆ ಗೊತ್ತಿಲ್ಲ. ಅಕ್ಕ ಆ ಮಧ್ಯಾಹ್ನವೆಲ್ಲ ಅಂಗಳದಲ್ಲಿ ನಿಂತದ್ದು ದಾರಿ ಇಲ್ಲದೆಯೋ, ದಾರಿ ಕಂಡಿದ್ದೂ ನಿಂತದ್ದೋ, ಅದೂ ಗೊತ್ತಿಲ್ಲ.